ವೇಗದ ಕಾರನ್ನು ದಿನವೂ ಓಡಿಸುವವರು ತಿಳಿದಿರಬೇಕಾದದ್ದು

ವೇಗಕ್ಕೆಂದೇ ಕಟ್ಟಿದ ಕಾರೊಂದನ್ನು ಕೊಂಡು, ಅದರಲ್ಲೇ ದಿನವೂ ಕೆಲಸಕ್ಕೆ ಹೋಗಿಬರಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಮನೆಗೆ ಸಾಮಾನು ತರಬೇಕು ಎಂದು ಬಯಸುವವರಿಗೆ ಎಲ್ಲರೂ ಹೇಳುವ ಮೊದಲ ಎಚ್ಚರಿಕೆ ಅತಿವೇಗದ ಬಗ್ಗೆ. ಆ ಎಚ್ಚರಿಕೆ ಸರಿಯೇ. ಆದರೆ ಹಲವು ವರ್ಷಗಳಿಂದ ಇಂಥದೇ ಕಾರನ್ನು ದಿನಬಳಕೆಗೆ ಇಟ್ಟುಕೊಂಡಿರುವ ನನ್ನ ಅನುಭವದಲ್ಲಿ, ಅದು ಹೆಚ್ಚು ಸವೆಯುವುದು ನಿಧಾನವಾಗಿ ಚಲಿಸುವಾಗ. ಬಿಸಿಯೇರದ ಎಂಜಿನ್, ತೆವಳುವ ವಾಹನಗಳ ಸಾಲು, ರಸ್ತೆಯುಬ್ಬು, ಇಕ್ಕಟ್ಟಿನ ಪಾರ್ಕಿಂಗ್, ಎರಡು ಮೂರು ಕಿಲೋಮೀಟರುಗಳ ಗಿಡ್ಡ ಓಡಾಟ, ಇವೇ ಅದರ ದಿನನಿತ್ಯದ ಕಷ್ಟಗಳು. ಹೀಗಾಗಿ ಇಲ್ಲಿ ಹೇಳುವ ಬಹುಪಾಲು ಮಾತುಗಳು ನಿಧಾನದ ಓಡಾಟಕ್ಕೆ ಸಂಬಂಧಿಸಿದವು.

ಕೊಳ್ಳುವ ಮುನ್ನ ಒಂದು ಕೆಲಸವನ್ನು ತಪ್ಪದೆ ಮಾಡಿ. ಟೆಸ್ಟ್ ಡ್ರೈವನ್ನು ಖಾಲಿ ಹೆದ್ದಾರಿಯಲ್ಲಿ ಮುಗಿಸಿಬಿಡದೆ, ನೀವು ದಿನವೂ ಹೋಗುವ ದಾರಿಯಲ್ಲಿ, ದಟ್ಟಣೆಯ ಹೊತ್ತಿನಲ್ಲೇ ಓಡಿಸಿ ನೋಡಿ. ನಿಮ್ಮ ಮನೆಯ ಗೇಟಿನ ಇಳಿಜಾರನ್ನು ಹತ್ತಿಸಿ, ನಿಮ್ಮದೇ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿ ಬಾಗಿಲು ತೆರೆಯಿರಿ. ಎರಡೇ ಬಾಗಿಲಿನ ಕೂಪೆಗಳ ಬಾಗಿಲು ಉದ್ದವಾದ್ದರಿಂದ ಪಕ್ಕದಲ್ಲಿ ಗೋಡೆಯೋ ಇನ್ನೊಂದು ಕಾರೋ ಇದ್ದರೆ ಹೊರಬರುವುದೇ ಕಷ್ಟವಾಗುತ್ತದೆ. 1976ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಸಾಧಾರಣ ಕುಟುಂಬದ ಹ್ಯಾಚ್‌ಬ್ಯಾಕಿನಲ್ಲೇ 1.6 ಲೀಟರಿನ, 110 ಅಶ್ವಶಕ್ತಿಯ ಎಂಜಿನ್ನನ್ನು ಕೂರಿಸಿ, ಜಾಗವನ್ನು ಬಿಟ್ಟುಕೊಡದೆ ವೇಗವನ್ನು ಪಡೆಯಬಹುದೆಂದು ತೋರಿಸಿತು. 1990ರಲ್ಲಿ ಬಂದ ಹೊಂಡಾ ಎನ್‌ಎಸ್‌ಎಕ್ಸ್ ಕಾರಿನ ವಿನ್ಯಾಸಕರು ಎಫ್-16 ಯುದ್ಧವಿಮಾನದ ಕಾಕ್‌ಪಿಟ್ಟನ್ನು ಮಾದರಿಯಾಗಿಟ್ಟುಕೊಂಡು ಚಾಲಕನಿಗೆ ಸುತ್ತಲೂ ಚೆನ್ನಾಗಿ ಕಾಣುವಂತೆ ಮಾಡಿದರು. ಜಾಗ ಮತ್ತು ನೋಟ, ಈ ಎರಡನ್ನು ಅಶ್ವಶಕ್ತಿಗಿಂತ ಮೊದಲು ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಳಗ್ಗೆ ಕಾರನ್ನು ಚಾಲೂ ಮಾಡಿದೊಡನೆ ಎಂಜಿನ್ ಸ್ವಲ್ಪ ಹೊತ್ತು ಜೋರಾಗಿ ಸದ್ದು ಮಾಡುತ್ತದೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ತಯಾರಕರೇ ಮಾಡಿರುವ ಏರ್ಪಾಡು ಅದು. ಸದ್ದು ಇಳಿದ ಮೇಲೆ ನಿಂತಲ್ಲೇ ಕಾಯದೆ ಮೆಲ್ಲಗೆ ಹೊರಡಿ; ನಿಂತ ಕಾರಿನಲ್ಲಿ ಎಂಜಿನ್ ಬಿಸಿಯಾಗುವುದೂ ತಡ, ಟೈರುಗಳಂತೂ ಬಿಸಿಯಾಗುವುದೇ ಇಲ್ಲ. ಇಲ್ಲಿ ಬಹಳ ಜನ ಎಡವುವುದು ಉಷ್ಣತೆಯ ಮುಳ್ಳನ್ನು ನಂಬಿ. ಆ ಮುಳ್ಳು ತೋರಿಸುವುದು ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಉಷ್ಣತೆಯನ್ನು. ಅದು ನಡುಮಟ್ಟಕ್ಕೆ ಬಂದಾಗ ಎಂಜಿನ್ ಆಯಿಲ್ ಇನ್ನೂ ತಣ್ಣಗೆ, ದಪ್ಪಗೆ ಇರುತ್ತದೆ. ಆಯಿಲ್ ಹದಕ್ಕೆ ಬರಲು ಸಾಮಾನ್ಯವಾಗಿ 10ರಿಂದ 15 ನಿಮಿಷಗಳ ಓಟ ಬೇಕು. ಆಯಿಲ್ ಉಷ್ಣತೆಯನ್ನು ತೋರಿಸುವ ಮೀಟರ್ ಇದ್ದರೆ 80 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಪೆಟ್ರೋಲ್ ಎಂಜಿನ್ನನ್ನು ಸುಮಾರು 3000 ಆರ್‌ಪಿಎಂ ಒಳಗೇ ಇರಿಸಿಕೊಳ್ಳಿ. ಹಾಗೆಂದು ಎತ್ತರದ ಗೇರಿನಲ್ಲಿ ಎಂಜಿನ್ ಗುದ್ದಾಡುವಂತೆ ಆಕ್ಸಿಲರೇಟರ್ ಒತ್ತುವುದೂ ತಪ್ಪೇ. ಹೊಗೆಯ ಬಲದಿಂದ ತಿರುಗುವ ಚಕ್ರದ ಮೂಲಕ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಟರ್ಬೊ ಎಂಜಿನ್ನುಗಳಿಗೆ ಅದು ಇನ್ನೂ ಹೆಚ್ಚು ಕೆಡುಕು.

ಮನೆಗೆ ಮರಳುವಾಗಲೂ ಇದೇ ತಾಳ್ಮೆ ಬೇಕು. ಟರ್ಬೊದ ಪುಟ್ಟ ಚಕ್ರ ಜೋರು ಓಟದಲ್ಲಿ ನಿಮಿಷಕ್ಕೆ 1 ಲಕ್ಷ ಸುತ್ತುಗಳಿಗೂ ಮಿಗಿಲಾಗಿ ತಿರುಗುತ್ತದೆ, ಅದರ ಬೇರಿಂಗನ್ನು ಕಾಪಾಡುವುದು ಹರಿಯುವ ಆಯಿಲ್. ಜೋರಾಗಿ ಓಡಿಸಿ ಬಂದವರು ಕೂಡಲೇ ಎಂಜಿನ್ ನಿಲ್ಲಿಸಿದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಕರಿಯಾಗಬಹುದು. ಕೊನೆಯ ಮೂರು ನಾಲ್ಕು ನಿಮಿಷ ಮೃದುವಾಗಿ ಓಡಿಸಿಕೊಂಡು ಬಂದರೆ ಸಾಕು, ನಿಂತು ಕಾಯುವ ಅಗತ್ಯ ಬೀಳುವುದಿಲ್ಲ.

ದಟ್ಟಣೆಯಲ್ಲಿ ಹೆಚ್ಚು ನೋಯುವುದು ಕ್ಲಚ್ಚು. ಮ್ಯಾನುಯಲ್ ಗೇರಿನವರಿಗೆ ಅರ್ಧ ಕ್ಲಚ್ಚಿನ ತೊಂದರೆ ಕಾಲಿಗೇ ತಿಳಿಯುತ್ತದೆ. ಎರಡು ಕ್ಲಚ್ಚುಗಳಿಂದ ಗೇರನ್ನು ತಾನೇ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವವರಿಗೆ ಅದು ತಿಳಿಯುವುದಿಲ್ಲ, ಏಕೆಂದರೆ ಎರಡೇ ಪೆಡಲ್ ಇರುವುದರಿಂದ ಅದನ್ನು ಎಲ್ಲ ಆಟೊಮ್ಯಾಟಿಕ್‌ಗಳಂತೆಯೇ ಎಂದುಕೊಳ್ಳುತ್ತಾರೆ. ಒಳಗೆ ಇರುವುದು ಕ್ಲಚ್ಚುಗಳೇ. ಬ್ರೇಕನ್ನು ಅರೆಬರೆ ಸಡಿಲಿಸಿ ಅಂಗುಲ ಅಂಗುಲವಾಗಿ ಸರಿಯುತ್ತಿದ್ದರೆ ಅವು ಪೂರ್ತಿ ಹಿಡಿಯದೆ ಜಾರುತ್ತ ಬಿಸಿಯಾಗುತ್ತವೆ. ಕ್ಲಚ್ಚುಗಳು ಆಯಿಲಿನಲ್ಲಿ ಮುಳುಗಿರದ ಡ್ರೈ ಕ್ಲಚ್ ಮಾದರಿಗಳಲ್ಲಿ ಈ ಕಾವು ಬೇಗ ಏರುತ್ತದೆ. ಆದ್ದರಿಂದ ಮುಂದಿನ ಕಾರು ಎರಡು ಕಾರುಗಳಷ್ಟು ದೂರ ಸರಿಯುವ ತನಕ ಬ್ರೇಕನ್ನು ಪೂರ್ತಿ ಒತ್ತಿ ನಿಲ್ಲಿ, ಆಮೇಲೆ ಒಂದೇ ಸಲಕ್ಕೆ ಚಲಿಸಿ. ಏರಿನಲ್ಲಿ ಕಾರನ್ನು ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಇನ್ನು ರಸ್ತೆಯುಬ್ಬು. ನೆಲದಿಂದ ಕಾರಿನ ತಳಕ್ಕೆ ಇರುವ ಅಂತರ ಇಂಥ ಕಾರುಗಳಲ್ಲಿ 100ರಿಂದ 130 ಮಿಲಿಮೀಟರ್ ಮಾತ್ರ ಇರುವುದುಂಟು. ಬಂಪರ್ ಚಕ್ರಕ್ಕಿಂತ ಎಷ್ಟು ಮುಂದೆ ಚಾಚಿದೆ ಎಂಬುದೂ ಅಷ್ಟೇ ಮುಖ್ಯ. ಉಬ್ಬಿಗೆ ನೇರವಾಗಿ ಹೋಗದೆ ಓರೆಯಾಗಿ ಹೋಗಿ, ಒಂದೊಂದೇ ಚಕ್ರ ಹತ್ತಿ ಇಳಿಯುವಂತೆ ದಾಟಿಸಿ. ಉಬ್ಬಿನ ಮೇಲೆ ಬ್ರೇಕ್ ಒತ್ತಬೇಡಿ. ಒತ್ತಿದರೆ ಮೂತಿ ಇನ್ನೂ ಬಗ್ಗುತ್ತದೆ. ವೇಗವನ್ನೆಲ್ಲ ಮೊದಲೇ ಇಳಿಸಿ, ಮುಂದಿನ ಚಕ್ರ ಉಬ್ಬನ್ನು ಮುಟ್ಟುವ ಮುನ್ನ ಬ್ರೇಕ್ ಬಿಟ್ಟುಬಿಡಿ. ಮೂತಿಯನ್ನು ಎತ್ತುವ ಸೌಲಭ್ಯ ಆಯ್ಕೆಗೆ ಲಭ್ಯವಿದ್ದರೆ, ಬೇರೆ ಎಲ್ಲ ಅಲಂಕಾರಗಳನ್ನು ಬಿಟ್ಟು ಅದನ್ನೇ ಹಾಕಿಸಿಕೊಳ್ಳಿ. ಬಂಪರಿನ ಅಡಿಯ ಅಂಚು ಕೆರೆಯುವ ಸದ್ದಿಗೆ ಎದೆಗುಂದಬೇಕಿಲ್ಲ. ಅಲ್ಲಿನ ಪ್ಲಾಸ್ಟಿಕ್ ತುಂಡನ್ನು ಹಲವು ಕಾರುಗಳಲ್ಲಿ ಬಿಡಿಯಾಗಿ ಬದಲಿಸಬಹುದು. ಆದರೆ ಸದ್ದು ನಡುವಿನಿಂದ, ಕಾಲಡಿಯಿಂದ ಬಂದರೆ ಅಂದೇ ಕಾರನ್ನು ಎತ್ತಿಸಿ ತಳವನ್ನು ನೋಡಿಸಿ.

ಟೈರುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ದಿನಬಳಕೆಯ ಖರ್ಚಿನಲ್ಲಿ ದೊಡ್ಡ ಪಾಲು ಅವುಗಳದೇ. 35 ಅಥವಾ 40ರ ಪ್ರೊಫೈಲಿನ, ಅಂದರೆ ಪಕ್ಕದ ಗೋಡೆಯ ಎತ್ತರ ಟೈರಿನ ಅಗಲದ ಶೇಕಡಾ 35 ಅಥವಾ 40ರಷ್ಟೇ ಇರುವ, ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಗೋಡೆ ತೀರಾ ಗಿಡ್ಡ, ಗುಂಡಿಯ ಪೆಟ್ಟೆಲ್ಲ ರಿಮ್ಮಿಗೇ ಹೋಗುತ್ತದೆ. ಗಾಳಿ ಕಡಿಮೆಯಿದ್ದರೆ ಪೆಟ್ಟು ಇನ್ನೂ ಜೋರು. ಆದ್ದರಿಂದ ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗಲೇ, ಒತ್ತಡವನ್ನು ಅಳೆಯಿರಿ. ಹೊರಗಿನ ಉಷ್ಣತೆ 5ರಿಂದ 6 ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಒಮ್ಮೆ ಕಾರು ತೊಳೆಯುತ್ತಿದ್ದಾಗ ಟೈರಿನ ಒಳಗೋಡೆಯ ಮೇಲೆ ನನ್ನ ಬೆರಳಿಗೆ ನೆಲ್ಲಿಕಾಯಿಯ ಗಾತ್ರದ ಉಬ್ಬು ಸಿಕ್ಕಿತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಓಡಿಸುವಾಗಲೂ ಏನೂ ಗೊತ್ತಾಗಿರಲಿಲ್ಲ. ಗುಂಡಿಗೆ ಬಿದ್ದಾಗ ಒಳಗಿನ ನೂಲು ಹರಿದು, ಗಾಳಿ ಅಲ್ಲಿ ರಬ್ಬರನ್ನು ಹೊರದಬ್ಬಿತ್ತು. ಅಂಥ ಟೈರಿಗೆ ರಿಪೇರಿ ಇಲ್ಲ, ಬದಲಿಸುವುದೊಂದೇ ದಾರಿ.

ಅಂಗೈಯನ್ನು ಟೈರಿನ ಮೇಲ್ಮೈ ಮೇಲೆ ಅಡ್ಡಡ್ಡವಾಗಿ, ಮೊದಲು ಹೊರಗಿನಿಂದ ಒಳಗೆ, ಆಮೇಲೆ ಒಳಗಿನಿಂದ ಹೊರಗೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಗಲಿದರೆ ಚಕ್ರಗಳ ಟೋ ಕೋನ, ಅಂದರೆ ಮೇಲಿನಿಂದ ನೋಡಿದಾಗ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದೆ ಎಂದರ್ಥ. ಒಳ ಅಂಚು ಬೇಗ ಸವೆದಾಗ ಬಹಳಷ್ಟು ಜನ ಕ್ಯಾಂಬರನ್ನು, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದನ್ನು, ದೂರುತ್ತಾರೆ, ಆದರೆ ಟೈರನ್ನು ಬೇಗ ತಿನ್ನುವುದು ಹೆಚ್ಚಾಗಿ ಟೋ. ಅಲೈನ್‌ಮೆಂಟ್ ಮಾಡಿಸಿದಾಗ ಮುದ್ರಿತ ವರದಿ ಕೇಳಿ ಪಡೆದು, ಹಿಂದಿನ ವರದಿಯ ಜೊತೆ ಇಟ್ಟುಕೊಳ್ಳಿ. ಬೇಸಿಗೆಯ ಟೈರುಗಳು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತವೆ. ಚಳಿ ನಾಡುಗಳಲ್ಲಿರುವವರು ಚಳಿಗಾಲದ ಟೈರುಗಳ ಇನ್ನೊಂದು ಸೆಟ್ ಇಟ್ಟುಕೊಳ್ಳಲೇಬೇಕು. ಅಗಲವಾದ ಟೈರು ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದರೂ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಟೈರಿನ ಮೈಮೇಲಿನ ಕಾಲುವೆಗಳ ಆಳ 3 ಮಿಲಿಮೀಟರಿಗೆ ಇಳಿದ ಮೇಲೆ ಮಳೆಗಾಲಕ್ಕೆ ಮುನ್ನವೇ ಟೈರುಗಳನ್ನು ಬದಲಿಸುವುದು ನನ್ನ ಪದ್ಧತಿ. ಹಲವು ದೇಶಗಳ ಕಾನೂನು 1.6 ಮಿಲಿಮೀಟರಿನವರೆಗೆ ಒಪ್ಪಿದರೂ ಮಳೆನೀರು ಅಲ್ಲಿಯವರೆಗೆ ಕಾಯುವುದಿಲ್ಲ.

ಬ್ರೇಕಿನ ವಿಷಯ ಸರಳ. ರೇಸಿಗೆಂದು ಮಾಡಿದ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ದಿನಬಳಕೆಗೆ ಅವು ಬೇಡವೇ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ತೊಳೆದ ಕೂಡಲೇ ಕಾರನ್ನು ನಿಲ್ಲಿಸಿಬಿಡದೆ, ಒಂದು ಸುತ್ತು ಹೋಗಿ ಬ್ರೇಕ್ ಒತ್ತಿ ಡಿಸ್ಕುಗಳನ್ನು ಒಣಗಿಸಿ.

ಪೆಟ್ರೋಲಿನಲ್ಲಿ, ತಯಾರಕರು ಟ್ಯಾಂಕಿನ ಮುಚ್ಚಳದ ಒಳಗೆ ಬರೆದ ಆಕ್ಟೇನ್ ಸಂಖ್ಯೆಗಿಂತ ಕಡಿಮೆಯದನ್ನು ಹಾಕಿಸಬೇಡಿ. ಹಾಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ತಡೆಯಲು ಕಿಡಿಯನ್ನು ತುಸು ತಡವಾಗಿಸುತ್ತದೆ, ನೀವು ದುಡ್ಡು ಕೊಟ್ಟು ಕೊಂಡ ಶಕ್ತಿಯೇ ಕುಂದುತ್ತದೆ. ಎಂಜಿನ್, ಸ್ಟೀರಿಂಗ್, ಸಸ್ಪೆನ್ಷನ್ ಇವನ್ನು ಬೇರೆ ಬೇರೆಯಾಗಿ ಹೊಂದಿಸುವ ಅವಕಾಶವಿದ್ದರೆ ಸಸ್ಪೆನ್ಷನ್ನನ್ನು ಮೆತ್ತಗಿಟ್ಟು ಎಂಜಿನ್ನನ್ನು ಚುರುಕಾಗಿಡಿ. ಹದಗೆಟ್ಟ ರಸ್ತೆಯಲ್ಲಿ ಚಕ್ರ ನೆಲ ಬಿಡದಿದ್ದರೆ ತಾನೇ ಆ ಚುರುಕು ಉಪಯೋಗಕ್ಕೆ ಬರುವುದು. ಎಗ್ಸಾಸ್ಟಿನ ಸದ್ದನ್ನು ತಗ್ಗಿಸುವ ಗುಂಡಿಯಿದ್ದರೆ ಮುಂಜಾನೆ ಅದನ್ನು ಒತ್ತಿ ಹೊರಡಿ, ನೆರೆಯವರ ನಿದ್ದೆಗೆ ಬೆಲೆಯಿದೆ. ಏನನ್ನಾದರೂ ಮಾರ್ಪಡಿಸಿದರೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೇ ಅಡ್ಡಬರಬಹುದು.

ಗಿಡ್ಡ ಓಡಾಟವೇ ಹೆಚ್ಚಾಗಿದ್ದರೆ ಸುಡದೆ ಉಳಿದ ಪೆಟ್ರೋಲೂ ತೇವವೂ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತವೆ. ಅಂಥವರು ತಯಾರಕರು ಹೇಳಿದ ಅವಧಿಗಿಂತ ಮೊದಲೇ ಆಯಿಲ್ ಬದಲಿಸಬೇಕು, ತಿಂಗಳಿಗೆರಡು ಬಾರಿ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಬೇಕು. ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ, ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲಿನ ವಾಸನೆ ಬಂದರೆ, ಬದಲಿಸುವ ಹೊತ್ತು ಆಗಲೇ ಬಂದಿದೆ. ಇದರ ಜೊತೆಗೆ ವಾರಕ್ಕೊಮ್ಮೆ ತೆರವಾದ ರಸ್ತೆಯಲ್ಲಿ ಅರ್ಧ ಗಂಟೆ ಎಡೆಬಿಡದೆ ಓಡಿಸಿ. ಮೊದಲ ಕಾಲು ಗಂಟೆ ಆಯಿಲ್ ಬಿಸಿಯಾಗಲು ಹೋಗುತ್ತದೆ, ಒಳಗೆ ಸೇರಿದ ತೇವ ಆವಿಯಾಗಿ ಹೊರಹೋಗುವುದು ಉಳಿದ ಕಾಲು ಗಂಟೆಯಲ್ಲಿ.