ಏಳೆಂಟ್ಲ ಐವತ್ತಾರು ಗೊತ್ತಿದ್ದರೆ ಹದಿನಾಲ್ಕೆಂಟ್ಲ ಯಾಕೆ ಬರಲ್ಲ?

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ, ಒಂಬತ್ತು ವರ್ಷ ಆಯ್ತು. ಬರುವವರಲ್ಲಿ ಜಾಸ್ತಿ ನಮ್ಮ ಊರ ಕಡೆಯ ಹೋಟೆಲಿನವರ ಮಕ್ಕಳು. ಮಗ್ಗಿ ಎಲ್ಲರಿಗೂ ಬಾಯಿಪಾಠ. ಆದರೆ 14×8 ಕೇಳಿದರೆ ಪೆನ್ಸಿಲ್ ಹುಡುಕುತ್ತಾರೆ. 56ರ ಎರಡರಷ್ಟು ಅಂತ ಹೊಳೆಯುವುದೇ ಇಲ್ಲ.

ಮೊದಲು ದುಡ್ಡು ಸುರಿದೆ. ಕಾರ್ಡು, ಚಾರ್ಟು, ಒಂದು ಆ್ಯಪ್‌ನ ವರ್ಷದ ಚಂದಾ, ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಮಕ್ಕಳು ಮಗ್ಗಿಯನ್ನು ಇನ್ನೂ ಬೇಗ ಹೇಳಿದರು, ಅಷ್ಟೇ. ಆಮೇಲೆ ಸೂತ್ರ ಕೊಟ್ಟೆ: ಒಂಬತ್ತರಿಂದ ಗುಣಿಸಬೇಕಾದರೆ ಹತ್ತರಿಂದ ಗುಣಿಸಿ ಕಳೆಯಿರಿ. ನಾಲ್ಕನೇ ಕ್ಲಾಸಿನ ಹುಡುಗ 7×9ಕ್ಕೆ 69 ಅಂದ. 70ರಿಂದ ಒಂದೇ ಕಳೆದಿದ್ದ! ಇನ್ನೂ ಐದಾರು ಮಕ್ಕಳದ್ದು ಇದೇ ತಪ್ಪು. ಆ ತಿಂಗಳು ಇಬ್ಬರು ಬಿಟ್ಟುಹೋದರು, 1,200 ರೂಪಾಯಿ ಫೀಸು ಖೋತಾ. "ಟೀಚರ್, ಇದೆಲ್ಲ ಯಾಕೆ? ಸುಮ್ನೆ ಮೂವತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿಸಿ" ಅಂದರು 69 ಅಂದಿದ್ದ ಹುಡುಗನ ಅಪ್ಪ.

ಮರುದಿನ ನೆಲದ ಮೇಲೆ ಹುಣಸೆ ಬೀಜ ಸಾಲಾಗಿ ಇಟ್ಟೆ. "ಹತ್ತು ತಟ್ಟೆ, ತಟ್ಟೆಗೆ ಏಳು ಇಡ್ಲಿ. ಒಂದು ತಟ್ಟೆ ಎತ್ತು, ಎಷ್ಟು ಇಡ್ಲಿ ಹೋಯ್ತು?" ಹುಡುಗ ಒಂದು ಬೀಜಕ್ಕೆ ಕೈ ಹಾಕಿದ, ನಿಲ್ಲಿಸಿದ. ಆಮೇಲೆ ಇಡೀ ಸಾಲನ್ನು ಅಂಗೈಗೆ ಬಾಚಿಕೊಂಡು "ಏಳು! ಹಾಗಾದ್ರೆ 63" ಅಂದ.

ಅಲ್ಲಿಂದ ಮೊದಲು ಉತ್ತರ ಕೇಳುವುದನ್ನೇ ಬಿಟ್ಟೆ. "ಇದರ ಹತ್ತಿರದ್ದು ನಿಂಗೆ ಯಾವುದು ಗೊತ್ತು?" ಇದೊಂದೇ ಪ್ರಶ್ನೆ. ದಿನಾ ಹತ್ತು ನಿಮಿಷ, ಪೆನ್ಸಿಲ್ ಬ್ಯಾಗಿನೊಳಗೆ. ಯಾವ ಲೆಕ್ಕದ ಹಿಂದೆ ಯಾವುದು ಬರಬೇಕು ಅನ್ನುವುದರಲ್ಲೇ ಗುಟ್ಟಿದೆ. ಅದಕ್ಕೆ ನನಗೆ ಎರಡು ವರ್ಷ ಹಿಡಿದಿದೆ, ಇಲ್ಲಿ ಬಿಚ್ಚಿಡುವುದಿಲ್ಲ. ಒಂದನ್ನು ಅರ್ಧ ಮಾಡಿ ಇನ್ನೊಂದನ್ನು ಎರಡರಷ್ಟು ಮಾಡುವುದು ಮಾತ್ರ ಕೊನೆಗೆ ಇರಲಿ. ಬೇಗ ಹೇಳಿಕೊಟ್ಟರೆ ಎರಡನ್ನೂ ಅರ್ಧ ಮಾಡಿಬಿಡುತ್ತಾರೆ.

ನಡುವೆ ನಮ್ಮ ಅಜ್ಜ ಹೇಳುತ್ತಿದ್ದ ಕಾಲು, ಅರೆ, ಮುಕ್ಕಾಲು ಮಗ್ಗಿಯನ್ನೂ ಹೊರತೆಗೆದೆ. ಮುಕ್ಕಾಲು ಯಾರಿಗೂ ರುಚಿಸಲಿಲ್ಲ. ಕಾಲು ಚೆನ್ನಾಗಿ ಕೆಲಸಕ್ಕೆ ಬಂತು. 25×16 ಅಂದರೆ, 25 ನೂರರ ಕಾಲು, 16ರ ಕಾಲು ನಾಲ್ಕು, ಹಾಗಾಗಿ ನಾನೂರು. ಈಗ ಹದಿನೆಂಟು ಮಕ್ಕಳಲ್ಲಿ ಹದಿಮೂರು-ಹದಿನಾಲ್ಕು ಜನ ಎರಡಂಕಿಯ ಗುಣಾಕಾರವನ್ನು ಬಾಯಲ್ಲೇ ಮಾಡುತ್ತಾರೆ. ಈ ಏರಿಯಾದಲ್ಲಿ ಬೇರೆ ಯಾವ ಟ್ಯೂಷನ್ನಿನಲ್ಲೂ ನಾನು ಇದನ್ನು ನೋಡಿಲ್ಲ.

ದೀಪಾವಳಿ ರಜೆಯಲ್ಲಿ ಆ ಹುಡುಗ ಅಪ್ಪನ ಗಲ್ಲಾ ಪಕ್ಕ ಕೂತಿದ್ದನಂತೆ. 35 ರೂಪಾಯಿಯ 14 ಪ್ಲೇಟ್ ಪಾರ್ಸೆಲ್. ಅಪ್ಪ ಕ್ಯಾಲ್ಕುಲೇಟರ್ ಎಳೆದುಕೊಳ್ಳುವಷ್ಟರಲ್ಲಿ ಇವನು "490" ಅಂದ. ಹೇಗೋ ಅಂತ ಕೇಳಿದರೆ "35ರ ಎರಡರಷ್ಟು, 14ರ ಅರ್ಧ. ಎಪ್ಪತ್ತು ಏಳ್ಲ, ಪಪ್ಪಾ." ಅಪ್ಪನೇ ಫೋನ್ ಮಾಡಿ ಇದನ್ನು ಹೇಳಿದರು. ಮುಂದಿನ ತಿಂಗಳಿಂದ ತಮ್ಮನ ಮಗಳನ್ನೂ ಕಳಿಸುತ್ತಾರಂತೆ.