ಬಿದ್ದ ಬೈಕನ್ನು ಒಬ್ಬನೇ ಎತ್ತಿ ನೋಡಿ

ನಮ್ಮ ತೋಟ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ, ಪುಷ್ಪಗಿರಿ ಬೆಟ್ಟದ ಸೀಮೆಯಲ್ಲಿದೆ. ಇರುವುದು ಐದೂವರೆ ಎಕರೆ, ಅದೂ ಎರಡು ತುಂಡು. ಒಂದು ಮನೆಗೆ ತಾಗಿಕೊಂಡಿದೆ, ಇನ್ನೊಂದು ಕೊಲ್ಲಿ, ಅಂದರೆ ಗುಡ್ಡಗಳ ನಡುವಿನ ಹಳ್ಳ, ದಾಟಿ ಎದುರು ಗುಡ್ಡದಲ್ಲಿದೆ. ನಡುವೆ ಮೂರು ಕಿಲೋಮೀಟರ್ ಜೀಪ್ ದಾರಿ. ಜನವರಿಯಲ್ಲಿ ಆ ದಾರಿ ಪೂರ್ತಿ ಕೆಂಪು ಧೂಳು, ಜುಲೈಯಲ್ಲಿ ಅದೇ ಧೂಳು ಬೆಣ್ಣೆಯ ಹಾಗೆ ಜಾರುತ್ತದೆ. ಹನ್ನೆರಡು ವರ್ಷ ನಾನು ಅಲ್ಲಿ ಓಡಿಸಿದ್ದು 100 ಸಿಸಿಯ ಮಾಮೂಲಿ ಬೈಕು. ಸೈಲೆನ್ಸರ್ ಕಲ್ಲಿಗೆ ಬಡಿದು ಎರಡು ಸಲ ಬೆಸುಗೆ ಹಾಕಿಸಿದ್ದೆ. ಫುಟ್‌ರೆಸ್ಟ್ ಬಾಗಿ ಬಾಗಿ ಕೊನೆಗೆ ಕಿತ್ತೇ ಬಂತು. ಮಳೆಗಾಲದಲ್ಲಿ ಗಾಡಿಯನ್ನು ಕೊಲ್ಲಿಯ ಈಚೆ ನಿಲ್ಲಿಸಿ ನಡೆದೇ ಹೋಗುತ್ತಿದ್ದೆ.

ಈ ದಾರಿಗೂ ಆಗಬೇಕು, ಸೋಮವಾರಪೇಟೆಗೆ ಹೋಗಿ ಗೊಬ್ಬರದ ಚೀಟಿ ತರುವುದಕ್ಕೂ ಆಗಬೇಕು, ತಿಂಗಳಿಗೊಮ್ಮೆ ಗೆಳೆಯರ ಜೊತೆ ಗರ್ವಾಲೆ, ಸೂರ್ಲಬ್ಬಿ ಕಡೆ ಸುತ್ತಲೂ ಬೇಕು. ಇಂಥ ಗಾಡಿ ಹುಡುಕುತ್ತಾ ಹೊರಟಾಗಲೇ ಡ್ಯುಯಲ್ ಸ್ಪೋರ್ಟ್ ಅನ್ನುವ ಮಾತು ಕಿವಿಗೆ ಬಿದ್ದದ್ದು. ದೀಪ, ನಂಬರ್ ಪ್ಲೇಟ್ ಎಲ್ಲ ಇದ್ದು ಡಾಂಬರಿನಲ್ಲಿ ಕಾನೂನು ಪ್ರಕಾರ ಓಡಬೇಕು, ಡಾಂಬರು ಮುಗಿದ ಮೇಲೂ ನಿಲ್ಲಬಾರದು. ಮೋಟೊಕ್ರಾಸ್ ಗಾಡಿಗೆ ರಿಜಿಸ್ಟ್ರೇಷನ್ ಇಲ್ಲ, ಅದು ಟ್ರ್ಯಾಕಿಗಷ್ಟೇ. ದೊಡ್ಡ ಟ್ಯಾಂಕು, ಗಾಳಿ ತಡೆಯುವ ಗಾಜು, ಪೆಟ್ಟಿಗೆಗಳಿರುವ ಅಡ್ವೆಂಚರ್ ಟೂರಿಂಗ್ ಗಾಡಿ ಲಡಾಖಿಗೆ ಹೋಗುವವರಿಗೆ. ಡ್ಯುಯಲ್ ಸ್ಪೋರ್ಟ್ ಇವೆರಡರ ಮಧ್ಯೆ ಬರುತ್ತದೆ, ನಮ್ಮ ಕಾಫಿ ಸೀಮೆಗೆ ಹೇಳಿ ಮಾಡಿಸಿದ ಹಾಗೆ.

ಆದರೂ ಮೊದಲು ನನ್ನ ಕಣ್ಣು ಹೋದದ್ದು ದೊಡ್ಡ ಗಾಡಿಯ ಮೇಲೆಯೇ. ಒಂದು ಸಲ ದುಡ್ಡು ಹಾಕುವುದಾದರೆ ದೊಡ್ಡದಕ್ಕೇ ಹಾಕು ಅಂತ ಎಲ್ಲರೂ ಹೇಳುತ್ತಿದ್ದರು. ಗೆಳೆಯನೊಬ್ಬನ ಹತ್ತಿರ 400 ಸಿಸಿ ಆಸುಪಾಸಿನ ಗಾಡಿ ಇತ್ತು, ತೂಕ ಹತ್ತಿರ ಹತ್ತಿರ 200 ಕೆಜಿ. "ಒಂದು ವಾರ ಇಟ್ಟುಕೊಂಡು ಓಡಿಸಿ ನೋಡು ಮಾರಾಯ, ಆಮೇಲೆ ತಗೋ" ಅಂತ ಕೀಲಿ ಕೊಟ್ಟ. ಮಡಿಕೇರಿ ರಸ್ತೆಯಲ್ಲಿ ಅದು ರಾಜನ ಹಾಗೆ ಹೋಯಿತು. ಮೂರನೇ ದಿನ ಕೊಲ್ಲಿಯ ದಾರಿಗೆ ಇಳಿಸಿದೆ.

ಅದು ನವೆಂಬರ್ ತಿಂಗಳು. ಹಿಂದಿನ ರಾತ್ರಿ ನಮ್ಮಲ್ಲಿ 80 ಸೆಂಟು ಮಳೆಯಾಗಿತ್ತು. ನಮ್ಮ ಕಡೆ ಮಳೆ ಅಳೆಯುವುದು ಹಾಗೆಯೇ, ನೂರು ಸೆಂಟಿಗೆ ಒಂದು ಇಂಚು. ಕೊಲ್ಲಿಗೆ ಇಳಿಯುವ ಮೊದಲು ಒಂದು ತಿರುವಿದೆ. ಎಡಕ್ಕೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ; ಬಲಕ್ಕೆ ಕಾಫಿ ಗಿಡಗಳ ಇಳಿಜಾರು. ನಡುವೆ ಜೀಪಿನ ಚಕ್ರ ಕೊರೆದ ಎರಡು ಚಡಿ, ಮೊಣಕಾಲುದ್ದ. ಮುಂದಿನ ಚಕ್ರ ಬಲದ ಚಡಿಗೆ ಜಾರಿತು. ಕಾಲು ಊರಿದೆ, ಆದರೆ ಕಾಲಿಟ್ಟ ಜಾಗ ಚಡಿಯ ಅಂಚಾಗಿತ್ತು, ಕೆಳಗೆ ನೆಲವೇ ಸಿಗಲಿಲ್ಲ. ಗಾಡಿ ಇಳಿಜಾರಿನ ಕಡೆಗೆ ಮಗುಚಿ, ಹ್ಯಾಂಡಲ್ಲು ಚಕ್ರಗಳಿಗಿಂತ ಕೆಳಗಾಗಿ ಮಲಗಿಬಿಟ್ಟಿತು.

ನನಗೆ ಏನೂ ಆಗಲಿಲ್ಲ. ಆದರೆ ಗಾಡಿ ಏಳಲಿಲ್ಲ. ಟ್ಯಾಂಕಿನ ಮುಚ್ಚಳದ ಸಂದಿಯಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಹ್ಯಾಂಡಲ್ ಹಿಡಿದು ಎಳೆದೆ, ಸೀಟಿಗೆ ಬೆನ್ನು ಕೊಟ್ಟು ಒತ್ತಿದೆ, ಪ್ರತಿ ಸಲವೂ ಒಂದು ಗೇಣು ಎದ್ದು ಮತ್ತೆ ಕೆಸರಿಗೆ ಕೂರುತ್ತಿತ್ತು. ಬೂಟು ಜಾರುತ್ತಿತ್ತು, ಜಿಗಣೆ ಹತ್ತುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಆನೆ ಓಡಾಡುವ ಜಾಗ, ಸಂಜೆ ಐದಾಗುತ್ತಾ ಬಂದಿತ್ತು. ಕೊನೆಗೆ ಪಕ್ಕದ ತೋಟದ ರೈಟರ್, ಅಂದರೆ ಕೆಲಸ ನೋಡಿಕೊಳ್ಳುವವರು, ಇಬ್ಬರು ಆಳುಗಳ ಜೊತೆ ಲೈನ್ ಮನೆ (ಕೆಲಸಗಾರರ ಸಾಲು ಮನೆ) ಕಡೆಗೆ ಹೋಗುತ್ತಿದ್ದವರು ನೋಡಿದರು. ನಾಲ್ಕು ಜನ ಸೇರಿ ಎತ್ತಿದೆವು. ಹೋಗುವಾಗ ರೈಟರ್ ನನ್ನ ಹೆಗಲ ಮೇಲೆ ಕೈ ಇಟ್ಟು, "ಅಣ್ಣಾ, ಈ ದಾರಿಗೆ ಒಬ್ಬ ಎತ್ತುವಂಥದ್ದು ತಗೊಳ್ಳಿ. ನಾವು ದಿನಾ ಈ ಹೊತ್ತಿಗೆ ಬರುವುದಿಲ್ಲ" ಅಂದರು.

ಆಮೇಲೆ ನಾನು ಗಾಡಿಗಳನ್ನು ನೋಡುವ ಕ್ರಮವೇ ಬದಲಾಯಿತು. ಎಷ್ಟು ಎಚ್‌ಪಿ ಅನ್ನುವುದನ್ನು ಕೊನೆಗೆ ಕೇಳಲು ಶುರು ಮಾಡಿದೆ. ಮೊದಲ ಪ್ರಶ್ನೆ ತೂಕ, ಎರಡನೆಯದು ಸೀಟಿನ ಎತ್ತರ, ಮೂರನೆಯದು ಚಕ್ರ ಮತ್ತು ಸಸ್ಪೆನ್ಷನ್. ನನ್ನ ಎತ್ತರ ಐದಡಿ ನಾಲ್ಕಿಂಚು, ತೂಕ 62 ಕೆಜಿ. ನನಗಿಂತ ಎತ್ತರದವರು, ಗಟ್ಟಿಗರು ಓದುತ್ತಿದ್ದರೆ ನಿಮ್ಮ ಲೆಕ್ಕ ಬೇರೆಯಾಗಬಹುದು.

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂದಾಗ ಸೀಟು 800 ಮಿಲಿಮೀಟರ್ ಮಾತ್ರ, ಕುಳ್ಳಗಿರುವವರಿಗೆ ಅದೇ ದೊಡ್ಡ ಸಮಾಧಾನ. ಆದರೆ ತೂಕ 180 ಕೆಜಿ ದಾಟುತ್ತದೆ. 2023ರ ಕೊನೆಗೆ ಬಂದ ಹಿಮಾಲಯನ್ 450ರ ಶಕ್ತಿ 40 ಎಚ್‌ಪಿ, ತೂಕ 196 ಕೆಜಿ. ದೂರ ಹೋಗುವವರಿಗೆ ಅದು ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಕೆಟಿಎಂ 390 ಅಡ್ವೆಂಚರ್ 2020ರಲ್ಲಿ ಬಂದದ್ದು 855 ಮಿಲಿಮೀಟರ್ ಸೀಟು, ಮುಂದೆ 19 ಇಂಚಿನ ಅಲಾಯ್ ಚಕ್ರದ ಜೊತೆ. ಹೀರೋ ಇಂಪಲ್ಸ್ ಅಂತ 2011ರಲ್ಲಿ ಬಂದಿತ್ತು, 150 ಸಿಸಿ, 134 ಕೆಜಿ. ಎಷ್ಟು ಹಗುರ ನೋಡಿ! ನಮ್ಮೂರಲ್ಲಿ ಒಂದು ಈಗಲೂ ಓಡುತ್ತಿದೆ. ಆದರೆ ತಯಾರಿಕೆ ನಿಂತು ವರ್ಷಗಳಾದವು, ಬಿಡಿ ಭಾಗಕ್ಕೆ ಅಲೆಯಬೇಕು. ಅದರ ಜಾಗಕ್ಕೆ 2019ರಲ್ಲಿ ಬಂದದ್ದು ಎಕ್ಸ್‌ಪಲ್ಸ್ 200. 2021ರಲ್ಲಿ ಅದಕ್ಕೇ ನಾಲ್ಕು ವಾಲ್ವಿನ ಎಂಜಿನ್ ಬಂತು. ಸುಮಾರು 19 ಎಚ್‌ಪಿ, 158 ಕೆಜಿ, ಸೀಟು 823 ಮಿಲಿಮೀಟರ್, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ, 220. ಸಸ್ಪೆನ್ಷನ್ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ, ಮುಂದೆ 190, ಹಿಂದೆ 170. ಮುಂದೆ 21 ಇಂಚು, ಹಿಂದೆ 18 ಇಂಚು ಸ್ಪೋಕ್ ಚಕ್ರ. ಸೈಲೆನ್ಸರ್ ಮೇಲಕ್ಕೆ ಎತ್ತಿಕೊಂಡಿದೆ. ಬೆಸುಗೆ ಹಾಕಿಸಿ ಹಾಕಿಸಿ ಸಾಕಾಗಿದ್ದ ನನಗೆ ಅದೊಂದೇ ಸಾಕಿತ್ತು.

21 ಇಂಚಿನ ಚಕ್ರದ ಬಗ್ಗೆ ಒಂದು ಮಾತು. ಚಕ್ರ ದೊಡ್ಡದಾದಷ್ಟೂ ಕಲ್ಲು, ಬೇರುಗಳನ್ನು ಹತ್ತಿ ಇಳಿಯುವ ಕೋನ ಸಣ್ಣದಾಗುತ್ತದೆ. 17 ಇಂಚಿನ ಚಕ್ರ ಬಡಿದು ನಿಲ್ಲುವ ಕಡೆ ಇದು ಉರುಳಿ ದಾಟುತ್ತದೆ. ಸ್ಪೋಕ್ ಚಕ್ರ ಪೆಟ್ಟಿಗೆ ಬಾಗುತ್ತದೆ, ತಿದ್ದಬಹುದು. ಎರಕದ ಅಲಾಯ್ ದೊಡ್ಡ ಪೆಟ್ಟಿಗೆ ಸೀಳುತ್ತದೆ, ಆಮೇಲೆ ಹೊಸದೇ ಗತಿ. ಸ್ಪೋಕ್ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬು ಇರುವುದರಿಂದ ಪಂಕ್ಚರ್ ಆದಾಗ ಚಕ್ರ ಬಿಚ್ಚಬೇಕು, ಅದೊಂದು ಕಷ್ಟ ನಿಜ. ಅದನ್ನು ಕಲಿತುಕೊಳ್ಳಬಹುದು.

ಸೀಟಿನ ಎತ್ತರದ ವಿಷಯದಲ್ಲಿ ನನಗೆ ತುಂಬ ಅಳುಕಿತ್ತು. ಶೋರೂಮಿನಲ್ಲಿ ಕೂತಾಗ ಎರಡೂ ಕಾಲಿನ ತುದಿ ಬೆರಳಷ್ಟೇ ನೆಲಕ್ಕೆ ತಾಗಿತು. "ಸರ್, ನಿಮಗೆ ಇದು ಆಗಲ್ಲ" ಅಂತ ಅಲ್ಲಿದ್ದ ಹುಡುಗ ಹೇಳಿಯೂಬಿಟ್ಟ. ಆಟೋಕ್ರಾಸ್, ಅಂದರೆ ಮಣ್ಣಿನ ದಾರಿಯ ರೇಸುಗಳಲ್ಲಿ ಓಡಿಸಿ ಅನುಭವವಿದ್ದ ಗೋಣಿಕೊಪ್ಪದ ಪರಿಚಯದವರೊಬ್ಬರು ತಿದ್ದಿದರು. ಎರಡು ಕಾಲು ಯಾಕೆ ಬೇಕು? ಸೊಂಟವನ್ನು ಸೀಟಿನ ಒಂದು ಅಂಚಿಗೆ ಸರಿಸಿ, ಎಡಗಾಲನ್ನು ಪೂರ್ತಿ ಊರಿ, ಬಲಗಾಲು ಹಿಂದಿನ ಬ್ರೇಕಿನ ಮೇಲಿರಲಿ. ಏರಿನಲ್ಲಿ ನಿಲ್ಲುವಾಗ ಇದೇ ಸರಿಯಾದ ಕ್ರಮ, ಎರಡೂ ಕಾಲು ಊರಿದರೆ ಹಿಂದಿನ ಬ್ರೇಕ್ ಹಿಡಿಯುವವರು ಯಾರು? ಮನೆಯ ಕಣದಲ್ಲಿ ಹಳೇ ಬೈಕಿನಲ್ಲೇ ಹದಿನೈದು ದಿನ ಅಭ್ಯಾಸ ಮಾಡಿದೆ. ಸೀಟಿನ ಸ್ಪಂಜು ಕತ್ತರಿಸುವ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ಹೊಸದು ಕೊಳ್ಳಲಿಲ್ಲ. ಮೊದಲ ವರ್ಷ ಗಾಡಿ ಬೀಳುವುದು ಖಂಡಿತ. ಹೊಸ ಗಾಡಿಯ ಮೇಲೆ ಬಿದ್ದ ಪ್ರತಿ ಗೀರೂ ಹೊಟ್ಟೆ ಉರಿಸುತ್ತದೆ, ಆಗ ಕಲಿಯುವ ಧೈರ್ಯವೇ ಬರುವುದಿಲ್ಲ. ಕುಶಾಲನಗರದಲ್ಲಿ ಕೆಎ 12 ನಂಬರಿನ ನಾಲ್ಕು ವಾಲ್ವಿನ ಒಂದು ಎಕ್ಸ್‌ಪಲ್ಸ್ 200, ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ್ದು ಸಿಕ್ಕಿತು. ಸೋಮವಾರಪೇಟೆಯ ನಮ್ಮ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋದೆ.

ಅವನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲೇ ಇಲ್ಲ. ಒಂದು ಸ್ಪ್ಯಾನರ್ ತೆಗೆದು ಚಕ್ರ ತಿರುಗಿಸುತ್ತಾ ಸ್ಪೋಕಿಗೊಂದೊಂದೇ ಬಡಿದು ಕಿವಿಗೊಟ್ಟ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಚಕ್ರದಲ್ಲಿ ಅಂಥವು ಮೂರು ಸಿಕ್ಕಿದವು. ಮುಂದಿನ ಫೋರ್ಕಿನ ನಯವಾದ ಕೊಳವೆಯ ಮೇಲೆ ಬೆರಳು ಸವರಿ ಎಣ್ಣೆ ಇದೆಯೇ ನೋಡಿದ, ಸೀಲ್ ಹೋಗಿದ್ದರೆ ಅಲ್ಲಿ ಜಿಡ್ಡಿರುತ್ತದೆ. ಮುಂದಿನ ಚಕ್ರ ನೆಲ ಬಿಡುವ ಹಾಗೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಅವನು ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿದ. ನಡುವೆ ಎಲ್ಲೂ ಕಚ್ಚಿ ನಿಲ್ಲಬಾರದು, ನಿಂತರೆ ಬೇರಿಂಗ್ ಸವೆದಿದೆ. ಏರ್ ಫಿಲ್ಟರ್ ಬಿಚ್ಚಿ ಒಳಗಿನ ಧೂಳು ನೋಡಿದ. ಎಂಜಿನ್ನಿನ ಅಡಿಗೆ ಕಾವಲಾಗಿರುವ ಬ್ಯಾಶ್ ಪ್ಲೇಟಿನ ಗೀರುಗಳನ್ನು ಎಣಿಸಿದ. "ಕಲ್ಲಿಗೆ ಹೊಡೆದಿದ್ದಾರೆ, ಆದರೆ ಹಾರಿಸಿ ಹಾಳು ಮಾಡಿಲ್ಲ ಅಣ್ಣ" ಅಂದ. ಅಷ್ಟಾದ ಮೇಲೆ ಎಂಜಿನ್. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗೆ ಸಹಿ ಹಾಕಿಸಿಕೊಂಡು, ಇನ್ಶೂರೆನ್ಸ್ ಕಾಗದ ನೋಡಿ ದುಡ್ಡು ಕೊಟ್ಟೆ.

ಆದರೆ ಅದಕ್ಕೂ ಮೊದಲು ನಾನೊಂದು ಕೆಲಸ ಮಾಡಿದ್ದೆ. ಮಾಲೀಕರನ್ನು ಕೇಳಿ, ಅವರ ಅಂಗಳದ ಹುಲ್ಲಿನ ಮೇಲೆ ಗಾಡಿಯನ್ನು ಮೆಲ್ಲಗೆ ಮಲಗಿಸಿ, ಒಬ್ಬನೇ ಎತ್ತಿ ನೋಡಿದೆ. ಅವರು ಒಂದು ಕ್ಷಣ ದಿಗಿಲಾದರೂ ಒಪ್ಪಿದರು. ಎತ್ತುವುದಕ್ಕೆ ಒಂದು ಕ್ರಮ ಇದೆ. ಎಂಜಿನ್ ಆಫ್ ಮಾಡಿ ಗಾಡಿಯನ್ನು ಗೇರಿಗೆ ಹಾಕಬೇಕು, ಇಲ್ಲದಿದ್ದರೆ ಎದ್ದ ಕೂಡಲೇ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡಬೇಕು, ಎದ್ದು ಆಚೆಗೆ ವಾಲಿದರೆ ಅದು ಹಿಡಿಯುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರ್ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಬೇಕು. ಶಕ್ತಿ ಕಾಲುಗಳಿಂದ ಬರಬೇಕು, ಸೊಂಟದಿಂದಲ್ಲ. ಇಳಿಜಾರಿನಲ್ಲಿ ಹ್ಯಾಂಡಲ್ ಕೆಳಗಾಗಿ ಬಿದ್ದಿದ್ದರೆ ಮೊದಲು ಗಾಡಿಯನ್ನು ಮಲಗಿದ್ದ ಹಾಗೆಯೇ ಎಳೆದು, ಚಕ್ರಗಳನ್ನು ಇಳಿಜಾರಿನ ಕಡೆಗೆ ತಿರುಗಿಸಿ ಆಮೇಲೆ ಎತ್ತಬೇಕು. ಆ ನವೆಂಬರ್ ಸಂಜೆ ನನಗೆ ಇದು ಗೊತ್ತಿರಲಿಲ್ಲ. 158 ಕೆಜಿ ಗಾಡಿ ಎರಡನೇ ಪ್ರಯತ್ನಕ್ಕೆ ಎದ್ದಿತು.

ತಂದ ಮೇಲೆ ಹೆಚ್ಚೇನೂ ಖರ್ಚು ಮಾಡಲಿಲ್ಲ. ಕೈಗೆ ಗಟ್ಟಿಯಾದ ನಕಲ್ ಗಾರ್ಡ್, ಕೆಸರಿನಲ್ಲಿ ಹಿಡಿತ ಕೊಡುವ, ಉಬ್ಬು ಉಬ್ಬು ಗುಬುಟುಗಳಿರುವ ಟೈರು, ಅಷ್ಟೇ. ಕ್ಲಚ್ ಮತ್ತು ಬ್ರೇಕ್ ಲಿವರಿನ ಕ್ಲ್ಯಾಂಪ್ ಬೋಲ್ಟನ್ನು ಸ್ವಲ್ಪ ಸಡಿಲ ಬಿಟ್ಟಿದ್ದೇನೆ. ಸಾಧಾರಣ ಒತ್ತಡಕ್ಕೆ ಅಲ್ಲಾಡುವುದಿಲ್ಲ, ಬಿದ್ದಾಗ ಮಾತ್ರ ಲಿವರ್ ಮುರಿಯದೆ ತಿರುಗಿಕೊಳ್ಳುತ್ತದೆ. ಹೀಗೆ ಮಾಡಿದ ಮೇಲೆ ಒಂದೂ ಲಿವರ್ ಮುರಿದಿಲ್ಲ. ಕೆಸರಿನ ದಾರಿಗೆ ಇಳಿಯುವಾಗ ಗಾಳಿಯನ್ನು ಮುಂದೆ 18, ಹಿಂದೆ 20 ಪಿಎಸ್‌ಐಗೆ ಇಳಿಸುತ್ತೇನೆ. ಟ್ಯೂಬಿರುವ ಚಕ್ರಕ್ಕೆ ಅದಕ್ಕಿಂತ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ಕಚ್ಚಿಹೋಗುತ್ತದೆ. ವಾಪಸ್ ಡಾಂಬರಿಗೆ ಬಂದಾಗ ತುಂಬಲು ಕಾಲಿನ ಪಂಪು ಚೀಲದಲ್ಲಿರುತ್ತದೆ. ಜೊತೆಗೆ ಎರಡು ಟೈರ್ ಲಿವರ್, ಒಂದು 21 ಇಂಚಿನ ಟ್ಯೂಬು. ಹಿಂದಿನ ಚಕ್ರ ಪಂಕ್ಚರ್ ಆದರೂ ಅದನ್ನೇ ಮಡಚಿ ತುರುಕಿ ಮನೆಯವರೆಗೆ ಬರಬಹುದು. ಕಳೆದ ಮಾರ್ಚಿನಲ್ಲಿ ಸೂರ್ಲಬ್ಬಿ ಹತ್ತಿರ ಹಾಗೆಯೇ ಬಂದೆ.

ಹೆಲ್ಮೆಟ್ಟಿಗೆ, ಬೂಟಿಗೆ ಮಾತ್ರ ಜಿಪುಣತನ ಬೇಡ. ಪಾದದ ಗಂಟು ಮುಚ್ಚುವ ಗಟ್ಟಿ ಬೂಟು ನಿಧಾನವಾಗಿ ಬಿದ್ದಾಗಲೂ ಕಾಲು ಉಳಿಸುತ್ತದೆ. ಇಲ್ಲಿ ಬೀಳುವುದೆಲ್ಲ ಹತ್ತು ಹದಿನೈದರ ವೇಗದಲ್ಲೇ, ಕಾಲು ಸಿಕ್ಕಿಕೊಳ್ಳುವುದೂ ಆಗಲೇ.

ಹೈವೇಯಲ್ಲಿ ಇಷ್ಟು ಸಣ್ಣ ಎಂಜಿನ್‌ನಿಂದ ದೊಡ್ಡದನ್ನು ಕೇಳಬಾರದು. ಮೈಸೂರಿಗೆ ಹೋಗಬೇಕಾದರೆ ನಾನು ಬಸ್ಸು ಹತ್ತುತ್ತೇನೆ. ಈಗ ಆಯ್ಕೆಗಳು ಹೆಚ್ಚಿವೆ. 2024ರ ಕೊನೆಗೆ ಕವಾಸಕಿ ಕೆಎಲ್‌ಎಕ್ಸ್ 230 ಬಂತು, 139 ಕೆಜಿ, ಆದರೆ ಸೀಟು 880. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210ಕ್ಕೆ ನೀರಿನಿಂದ ತಣಿಯುವ ಎಂಜಿನ್ ಇದೆ, ಶಕ್ತಿ ಜಾಸ್ತಿ, ತೂಕವೂ ನನ್ನದಕ್ಕಿಂತ ಹತ್ತು ಕೆಜಿ ಜಾಸ್ತಿ.

ಎಲ್ಲಿ ಓಡಿಸಬೇಕು ಅನ್ನುವುದೂ ಗಾಡಿಯಷ್ಟೇ ಮುಖ್ಯ. ಪುಷ್ಪಗಿರಿ ವನ್ಯಧಾಮದ ಒಳಗೆ, ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನ ಮೇಲೆ ಗಾಡಿ ಹತ್ತಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಚಕ್ರ ಕೊರೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಹೇಗೆ ಜಾರಿದವು ಅಂತ ನೋಡಿದ ನಮಗೆ ಗುಡ್ಡದ ಮಣ್ಣೆಂದರೆ ಭಯ, ಭಕ್ತಿ ಎರಡೂ ಇದೆ. ಜೀಪ್ ದಾರಿ, ಊರ ದಾರಿ, ಕೇಳಿ ಒಪ್ಪಿಗೆ ಪಡೆದ ತೋಟದ ದಾರಿ, ಇಷ್ಟೇ ನಮ್ಮ ಗೆಳೆಯರ ಕಟ್ಟುಪಾಡು. ಸೈಲೆನ್ಸರ್ ಬದಲಿಸಿ ಗದ್ದಲ ಎಬ್ಬಿಸುವವರನ್ನು ಜೊತೆಗೆ ಸೇರಿಸುವುದಿಲ್ಲ.

ಹೋದ ತಿಂಗಳು ಅಕ್ಕನ ಮಗಳು ಬಂದಿದ್ದಳು. ಹಾಸನದಲ್ಲಿ ಕೆಲಸ, ಕೈಯಲ್ಲಿ ಸ್ವಲ್ಪ ದುಡ್ಡಾಗಿದೆ. "ಮಾವ, ನಾನೂ ಒಂದು ತಗೋಬೇಕು, ಯಾವುದು ಒಳ್ಳೇದು?" ಅಂತ ಕೇಳಿದಳು. ಅವಳ ಫೋನಿನಲ್ಲಿ ನಾಲ್ಕು ಗಾಡಿಯ ಚಿತ್ರಗಳಿದ್ದವು, ಎಲ್ಲವೂ ದೊಡ್ಡವೇ. ನಾನು ಏನೂ ಹೇಳದೆ ಕಣದಲ್ಲಿ ಎರಡು ಗೋಣಿಚೀಲ ಹಾಸಿ, ನನ್ನ ಗಾಡಿಯನ್ನು ಎಡಮಗ್ಗುಲಿಗೆ ಮಲಗಿಸಿ, "ಎತ್ತು ನೋಡೋಣ" ಅಂದೆ. ಮೊದಲ ಸಲ ಕೈಯ ಬಲದಲ್ಲಿ ಎಳೆದಳು, ಆಗಲಿಲ್ಲ. ಕ್ರಮ ಹೇಳಿಕೊಟ್ಟೆ. ನಾಲ್ಕನೇ ಸಲಕ್ಕೆ ಗಾಡಿ ನಿಂತಿತು, ಅವಳ ಮುಖ ಕೆಂಪಾಗಿತ್ತು. ಒಂದು ನಿಮಿಷ ಸುಧಾರಿಸಿಕೊಂಡು, ಫೋನು ತೆಗೆದು ಆ ನಾಲ್ಕು ಗಾಡಿಗಳ ತೂಕ ಹುಡುಕತೊಡಗಿದಳು.