ಪ್ರಾಡರ್-ವಿಲ್ಲಿ ಮಕ್ಕಳ ತೂಕ: ನಾನು ಅಡುಗೆಮನೆಯಿಂದ ಶುರು ಮಾಡುತ್ತೇನೆ

ನಾನು ಡಯೆಟಿಷಿಯನ್. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಇರುವ ಮಕ್ಕಳ ಅಪ್ಪ-ಅಮ್ಮ ಬಂದ ತಕ್ಷಣ ಕೇಳುವುದು "ಮೇಡಂ, ಒಂದು ಡಯೆಟ್ ಚಾರ್ಟ್ ಕೊಡಿ" ಅಂತ. ಚಾರ್ಟ್ ಆಮೇಲೆ. ತಿಂಡಿ ಡಬ್ಬಿ ಎಲ್ಲಿಡುತ್ತೀರಿ, ಮನೆಯಲ್ಲಿ ಯಾರ‍್ಯಾರಿದ್ದೀರಿ, ಇದನ್ನು ನಾನು ಮೊದಲು ಕೇಳುತ್ತೇನೆ.

15ನೇ ಕ್ರೋಮೋಸೋಮಿನಲ್ಲಿ ಅಪ್ಪನ ಕಡೆಯಿಂದ ಬರುವ ಒಂದು ಭಾಗ ಕೆಲಸ ಮಾಡದಿದ್ದಾಗ ಈ ಕಾಯಿಲೆ ಬರುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಆಗಿದ್ದು, ಯಾರ ತಪ್ಪೂ ಅಲ್ಲ. ಹುಟ್ಟಿದಾಗ ಮಗುವಿಗೆ ಹಾಲು ಚೀಪುವ ಶಕ್ತಿಯೂ ಇರುವುದಿಲ್ಲ, ಎಷ್ಟೋ ಮಕ್ಕಳಿಗೆ ಮೂಗಿನ ಟ್ಯೂಬಿನಲ್ಲೇ ಹಾಲು. ಎರಡು ವರ್ಷದ ಆಸುಪಾಸಿನಲ್ಲಿ ಊಟ ಜಾಸ್ತಿ ಆಗದಿದ್ದರೂ ತೂಕ ಏರುತ್ತದೆ. ಎಂಟರ ಸುಮಾರಿಗೆ ಹೊಟ್ಟೆ ತುಂಬಿತು ಅನ್ನುವುದೇ ತಿಳಿಯದಂಥ ಹಸಿವು ಶುರುವಾಗುತ್ತದೆ. ಹಸಿವನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಹೈಪೋಥಲಾಮಸ್, ಹೊಟ್ಟೆ ತುಂಬಿದ ಸುದ್ದಿಯನ್ನು ಸರಿಯಾಗಿ ಗ್ರಹಿಸುವುದೇ ಇಲ್ಲ. ಇಂಥ ಮಗುವಿಗೆ ಬುದ್ಧಿ ಹೇಳಿ, ಬೈದು ಏನೂ ಆಗುವುದಿಲ್ಲ.

ಅಜ್ಜಿಯಂದಿರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಲು ಕುಡಿಯದ ಕೂಸನ್ನು ಕಂಡವರು, ಅದು ಇನ್ನೊಂದು ದೋಸೆ ಕೇಳಿದರೆ ಬೇಡ ಅನ್ನಲು ಹೇಗೆ ಮನಸ್ಸು ಬರಬೇಕು? ಒಂದು ಮನೆಯಲ್ಲಿ ಅಮ್ಮ ಎಷ್ಟು ಬಿಗಿ ಮಾಡಿದರೂ ಮಗಳ ತೂಕ ಇಳಿಯುತ್ತಿರಲಿಲ್ಲ. ನಾನು ಅಜ್ಜಿಯನ್ನೇ ಕೂರಿಸಿಕೊಂಡು ಎಲ್ಲ ವಿವರಿಸಿ, ಅಡುಗೆಮನೆ ಬೀಗದ ಕೈ ನಿಮ್ಮ ಹತ್ತಿರ ಇರಲಿ ಅಂದೆ. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಗೋಡೆ ಮೇಲೆ ಚಿತ್ರಗಳ ಪಟ್ಟಿ ಅಂಟಿಸಿದೆವು: ಎಂಟಕ್ಕೆ ಇಡ್ಲಿ, ಹನ್ನೊಂದಕ್ಕೆ ಸೌತೆಕಾಯಿ, ಹೀಗೆ. ಮಗು ಕೇಳಿದಾಗಲೆಲ್ಲ ಅಜ್ಜಿ ಪಟ್ಟಿ ತೋರಿಸುತ್ತಿದ್ದರು. ಮುಂದಿನ ಊಟ ಯಾವಾಗ ಅಂತ ಗೊತ್ತಾಗಿ, ನಡುವೆ ಏನೂ ಸಿಗುವುದಿಲ್ಲ ಅನ್ನುವುದೂ ಖಾತ್ರಿಯಾದ ಮೇಲೆ ಆ ಹುಡುಗಿಯ ಅಳು, ಹಟ ಎರಡೂ ಕಡಿಮೆಯಾದವು. ಬೀಗ ಅಂದರೆ ಕ್ರೂರ ಅನ್ನಿಸುತ್ತೆ ಅಲ್ವಾ? ಆದರೆ "ಕೇಳಿದರೆ ಸಿಗಬಹುದೇನೋ" ಅನ್ನುವ ಆಸೆಯಲ್ಲೇ ಮಗುವನ್ನು ದಿನವಿಡೀ ಇಡುವುದು ಅದಕ್ಕಿಂತ ಕ್ರೂರ.

ಈಗ ಲೆಕ್ಕ. ಈ ಮಕ್ಕಳಲ್ಲಿ ಸ್ನಾಯು ಕಡಿಮೆ, ಆದ್ದರಿಂದ ಕ್ಯಾಲೊರಿಯೂ ಕಡಿಮೆ ಸಾಕು. ತೂಕ ಏರದಂತೆ ನೋಡಿಕೊಳ್ಳಲು ಒಂದು ಸೆಂ.ಮೀ. ಎತ್ತರಕ್ಕೆ ದಿನಕ್ಕೆ ಸುಮಾರು 10–11 ಕ್ಯಾಲೊರಿಯಿಂದ ಶುರು ಮಾಡುತ್ತೇನೆ. ಅಂದರೆ 120 ಸೆಂ.ಮೀ. ಇರುವ ಮಗುವಿಗೆ 1,200–1,320. ಇಳಿಸಬೇಕಿದ್ದರೆ 8–9, ಅದೂ ಡಾಕ್ಟರ್ ನಿಗಾದಲ್ಲಿ. ರಾಗಿ ತಿಂದರೆ ತೂಕ ಇಳಿಯುತ್ತೆ ಅಂತ ದೊಡ್ಡ ಮುದ್ದೆ ಹಾಕುವವರಿದ್ದಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ಅಂಥ ಕಡಿಮೆಯೇನಲ್ಲ. ಹಿಟ್ಟನ್ನು ತೂಕ ಮಾಡಿಯೇ ಮುದ್ದೆ ಕಟ್ಟಿ. ಅರ್ಧ ತಟ್ಟೆ ಸೊಪ್ಪು, ತರಕಾರಿ ಇರಲಿ, ಜೊತೆಗೆ ಮೊಟ್ಟೆ, ಬೇಳೆ ಅಥವಾ ಮಜ್ಜಿಗೆ. ಊಟ ಕಡಿಮೆಯಾದಾಗ ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಆಗದಂತೆ ನೋಡಬೇಕು.

ಸರ್ಕಾರಿ ಶಾಲೆಯಲ್ಲಿ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರೆ, ಅದೂ ಲೆಕ್ಕಕ್ಕೆ ಸೇರಬೇಕು. ಟೀಚರ್ ಹತ್ತಿರ ಮೊದಲೇ ಮಾತಾಡಿ. ಬೇರೆ ಮಕ್ಕಳ ಟಿಫನ್ ಬಾಕ್ಸ್ ಕೈಗೆ ಸಿಗಬಾರದು, ಬಹುಮಾನ ಅಂತ ಚಾಕೊಲೇಟ್ ಕೊಡಬಾರದು.

ಗ್ರೋತ್ ಹಾರ್ಮೋನ್ ಇಂಜೆಕ್ಷನ್‌ನಿಂದ ಸ್ನಾಯು ಹೆಚ್ಚುತ್ತದೆ, ಕೊಬ್ಬು ತಗ್ಗುತ್ತದೆ. ಶುರು ಮಾಡುವ ಮುಂಚೆ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ಪರೀಕ್ಷೆ ಆಗಬೇಕು. ಈ ವಿಪರೀತ ಹಸಿವಿಗೆ ಅಂತಲೇ ಡಯಾಜಾಕ್ಸೈಡ್ ಕೋಲಿನ್ ಮಾತ್ರೆಗೆ ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಔಷಧಿ ಇದ್ದರೂ ಬೀಗ, ಪಟ್ಟಿ ಎರಡನ್ನೂ ನಾನು ಬಿಡಿಸುವುದಿಲ್ಲ.

ಇನ್ನೊಂದು ವಿಷಯ, ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಈ ಮಕ್ಕಳಿಗೆ ವಾಂತಿ ಆಗುವುದು ಅಪರೂಪ, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಮದುವೆಮನೆಯಲ್ಲೋ ಹಬ್ಬದಲ್ಲೋ ವಿಪರೀತ ತಿಂದು ಹೊಟ್ಟೆ ಉಬ್ಬಿದರೆ, ಮಗು ಮಂಕಾದರೆ, ಅಥವಾ ಎಂದೂ ಇಲ್ಲದ ವಾಂತಿ ಬಂದರೆ ಸುಮ್ನೆ ಜೀರಿಗೆ ಕಷಾಯ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಜಠರವೇ ಒಡೆಯುವ ಅಪಾಯವಿದೆ. ಆಗಲೇ ಎಮರ್ಜೆನ್ಸಿಗೆ ಹೋಗಿ, ಮಗುವಿಗೆ ಪ್ರಾಡರ್-ವಿಲ್ಲಿ ಇದೆ ಅಂತ ಬಾಗಿಲಲ್ಲೇ ಹೇಳಿ.